ಬೋರ್ಡಿನ ನಡುವೆ ಎಳೆದ ಗೆರೆ

(ಕಾಸರಗೋಡಿನ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ ಅಧ್ಯಾಪಕರು ಮತ್ತು ಹೆತ್ತವರ ಮುಂದೆ ಆಡಿದ ಮಾತಿನ ಬರಹ ರೂಪ)

ನಾನು ಕೆಲಸಕ್ಕೆ ಸೇರಿದ ಹೊಸತು. ಮೂರನೇ ಕ್ಲಾಸಿಗೆ ಪ್ರಾಣಿಗಳ ಉಪಯೋಗದ ಪಾಠ ಇತ್ತು. ಬೋರ್ಡಿನ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದೆ. ಎಡಗಡೆ ‘ಉಪಕಾರ ಮಾಡುವವು’, ಬಲಗಡೆ ‘ಉಪದ್ರ ಕೊಡುವವು’. ಎಡಕ್ಕೆ ಹಸು, ನಾಯಿ, ಕೋಳಿ, ಜೇನು. ಬಲಕ್ಕೆ ಹಾವು, ಇಲಿ, ಬಾವಲಿ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, “ಮಾಷ್ಟ್ರೇ, ಚಗಳಿ ಕಚ್ಚುತ್ತದೆ, ಅದನ್ನೂ ಬರೆಯಿರಿ” ಅಂದ. ಬಲಗಡೆ ಚಗಳಿ ಅಂತ ಆ ಕೆಂಪು ಇರುವೆಯ ಹೆಸರನ್ನೂ ಬರೆದೆ.

ಮರುದಿನ ಗಂಜಿಗೆ ಬಿಟ್ಟ ಹೊತ್ತು. ಶಾಲೆಯ ಹಿಂದೆ ಹೊಗೆ ಕಾಣಿಸಿತು. ಓಡಿ ಹೋಗಿ ನೋಡಿದರೆ ನಾಲ್ಕು ಜನ ಹುಡುಗರು ಗಂಜಿ ಬೇಯಿಸುವ ಒಲೆಯಿಂದ ಬೆಂಕಿ ತಂದು, ತೆಂಗಿನ ಮಡಲಿನ ಸೂಟೆ, ಅಂದರೆ ಪಂಜು, ಮಾಡಿ, ಅದನ್ನು ಕೋಲಿಗೆ ಕಟ್ಟಿ ಗೇರು ಮರದ ಚಗಳಿ ಗೂಡಿಗೆ ಹಿಡಿದಿದ್ದಾರೆ. ಯಾಕ್ರೋ ಹೀಗೆ ಮಾಡಿದಿರಿ ಅಂದೆ. “ಉಪದ್ರದ ಕಡೆಗೆ ನೀವೇ ಬರೆದದ್ದಲ್ವಾ ಮಾಷ್ಟ್ರೇ?” ಅಂದರು. ಬೈಯಲು ನನಗೆ ಬಾಯಿ ಬರಲಿಲ್ಲ.

ಅರ್ಧ ಸುಟ್ಟ ಗೂಡು ನೆಲಕ್ಕೆ ಬಿತ್ತು. ಎಲೆಗಳು ಬಿಚ್ಚಿಕೊಂಡವು. ಒಳಗೆ ಅಕ್ಕಿ ಕಾಳಿನ ಹಾಗೆ ಬಿಳಿ ಮರಿಗಳು. ಬದುಕಿದ್ದ ಇರುವೆಗಳು ಒಂದೊಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮರದ ಕಡೆಗೆ ಓಡುತ್ತಿದ್ದವು. ಬೆಂಕಿ ಇನ್ನೂ ಆರಿರಲಿಲ್ಲ. ಕೆಲವು ಮತ್ತೆ ವಾಪಸ್ ಬಂದು ಇನ್ನೊಂದು ಮರಿಯನ್ನು ಎತ್ತಿಕೊಂಡವು. ಚಗಳಿಯನ್ನೂ ಬರೆಯಿರಿ ಅಂದಿದ್ದ ಹುಡುಗ ಕುಕ್ಕರಗಾಲಲ್ಲಿ ಕೂತು ನೋಡುತ್ತಾ ಇದ್ದ. ಬೆಲ್ ಹೊಡೆದರೂ ಏಳಲಿಲ್ಲ.

ಆ ದಿನದಿಂದ ನಾನು ಬೋರ್ಡಿನ ಮೇಲೆ ಆ ಗೆರೆ ಎಳೆದಿಲ್ಲ. ಇವತ್ತು ನಿಮ್ಮಲ್ಲಿ ಕೇಳಲು ಬಂದದ್ದೂ ಅಷ್ಟೇ. ಆ ಗೆರೆ ಎಳೆಯಬೇಡಿ. ಒಂದು ಪ್ರಾಣಿ ದಿನವಿಡೀ ಏನು ಕೆಲಸ ಮಾಡುತ್ತದೆ ಅಂತ ಮಕ್ಕಳಿಗೆ ತೋರಿಸಿ. ಅದರಲ್ಲಿ ನಮಗೆಷ್ಟು ಸಿಗುತ್ತದೆ ಅನ್ನುವುದನ್ನು ಅವರೇ ಕಂಡುಕೊಳ್ಳುತ್ತಾರೆ.

ಚಗಳಿಯ ಕಥೆಯನ್ನು ಪೂರ್ತಿ ಹೇಳುತ್ತೇನೆ. ಇದು ನಮ್ಮ ಊರಿನ ಕಥೆಯೂ ಹೌದು.

ಚಗಳಿ ಅಂದರೆ ಮರದ ಮೇಲೆ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆ. ಕೆಲವರು ಕೆಂಜಿಗ ಅಂತಾರೆ. ಪಕ್ಕದ ಮಲಯಾಳ ಕ್ಲಾಸಿನ ಮಕ್ಕಳಿಗೆ ಅದು ‘ನೀರ್’. ಗೂಡು ಕಟ್ಟುವುದನ್ನು ನೀವು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಮೊದಲು ಒಂದಷ್ಟು ಇರುವೆಗಳು ಸಾಲಾಗಿ ನಿಂತು ಎರಡು ಎಲೆಯ ಅಂಚನ್ನು ಎಳೆದು ಹತ್ತಿರ ತರುತ್ತವೆ. ಎಲೆ ದೂರ ಇದ್ದರೆ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿ ಮಾಡುತ್ತವೆ. ಆಮೇಲೆ ಬೇರೆ ಇರುವೆಗಳು ಮರಿಗಳನ್ನು ಬಾಯಲ್ಲಿ ಹಿಡಿದು ತರುತ್ತವೆ. ರೇಷ್ಮೆಯಂತಹ ನೂಲು ಬರುವುದು ಮರಿಯ ಬಾಯಿಯಿಂದ, ದೊಡ್ಡ ಇರುವೆಗೆ ಆ ನೂಲಿಲ್ಲ. ಮರಿಯನ್ನು ಈ ಎಲೆಗೊಮ್ಮೆ, ಆ ಎಲೆಗೊಮ್ಮೆ ಮುಟ್ಟಿಸುತ್ತಾ ಹೋಗುತ್ತವೆ, ಅಂಚು ಕೂಡಿಕೊಳ್ಳುತ್ತದೆ. ಇದನ್ನು ಒಂದು ಸಲ ಕಂಡ ಮಗು ಮತ್ತೆ ಗೂಡಿಗೆ ಕಲ್ಲು ಹೊಡೆಯುವುದಿಲ್ಲ. ನಲವತ್ತು ಉಪದೇಶಕ್ಕೆ ಆಗದ ಕೆಲಸ ಅದು.

ಇನ್ನು ಗೇರಿಗೆ ಬನ್ನಿ. ಗೇರು ಚಿಗುರುವಾಗ, ಹೂ ಬಿಡುವಾಗ ಒಂದು ಕೀಟ ಬರುತ್ತದೆ. ಟೀ ಸೊಳ್ಳೆ ಅಂತ ಹೆಸರು, ಆದರೆ ಅದು ಸೊಳ್ಳೆ ಅಲ್ಲ, ತಿಗಣೆಯ ಬಳಗ. ಎಳೆ ಚಿಗುರಿನ, ಹೂಗೊಂಚಲಿನ ರಸ ಹೀರುತ್ತದೆ. ಹೀರಿದ ಕಡೆ ಸುಟ್ಟ ಹಾಗೆ ಕಪ್ಪಾಗಿ ಒಣಗುತ್ತದೆ. ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು. ಆ ಟೀ ಸೊಳ್ಳೆಯನ್ನು ಓಡಿಸುವ, ಹಿಡಿದು ತಿನ್ನುವ ಕಾವಲುಗಾರ ಯಾರು ಗೊತ್ತಾ? ನಮ್ಮ ಹುಡುಗರು ಸುಟ್ಟ ಇದೇ ಚಗಳಿ. ಚಗಳಿ ತುಂಬಾ ಇರುವ ಮರದಲ್ಲಿ ಟೀ ಸೊಳ್ಳೆ ಕಡಿಮೆ. ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿಯೂ ಇದನ್ನು ನೋಡಿ, ಅಳೆದು ಬರೆದಿಟ್ಟಿದ್ದಾರೆ. ಚೀನಾದ ದಕ್ಷಿಣ ಭಾಗದಲ್ಲಂತೂ ಕ್ರಿ.ಶ. 304ರ ಸುಮಾರಿಗೇ ಕಿತ್ತಳೆ ಜಾತಿಯ ತೋಟದವರು ಈ ಇರುವೆಯ ಗೂಡನ್ನು ಸಂತೆಯಲ್ಲಿ ದುಡ್ಡು ಕೊಟ್ಟು ತಂದು ಮರಕ್ಕೆ ಕಟ್ಟುತ್ತಿದ್ದರು. ಇಲ್ಲಿ ಬಿಟ್ಟಿ ಸಿಗುವ ಕಾವಲುಗಾರನಿಗೆ ನಾವು ಸೂಟೆ ಹಿಡಿಯುತ್ತೇವೆ.

ಆದರೆ ಚಗಳಿಯನ್ನು ಪೂರ್ತಿ ಒಳ್ಳೆಯದು ಅಂತ ಎಡಗಡೆಗೆ ಬರೆಯುವುದೂ ಬೇಡ. ಗೇರುಹಣ್ಣು ಕೊಯ್ಯುವವರಿಗೆ ಅದು ಕಚ್ಚುವುದು ನಿಜ. ಸಿಹಿ ರಸದ ಆಸೆಗೆ ಅದು ಹಿಟ್ಟು ತಿಗಣೆಯನ್ನು ಸಾಕುತ್ತದೆ, ಅದರಿಂದ ಗಿಡಕ್ಕೆ ಹಾನಿಯೂ ಇದೆ. ಎರಡನ್ನೂ ಹೇಳಿ. ಮಕ್ಕಳಿಗೆ ಇದು ಅರ್ಥ ಆಗುತ್ತದೆ. ಅವರ ಮನೆಯಲ್ಲೂ ಸಿಟ್ಟು ಬಂದರೆ ಬೈಯುವ, ಪ್ರೀತಿಯಿಂದ ಮಿಠಾಯಿ ತರುವ ಅಜ್ಜ ಒಬ್ಬರೇ ಅಲ್ವಾ?

ಇದೇ ಟೀ ಸೊಳ್ಳೆಗೆ ಅಂತ ನಮ್ಮ ಗುಡ್ಡೆಗಳ ಮೇಲೆ ಏನು ಸುರಿಯಿತು ಅನ್ನುವುದು ನಿಮಗೆ ಗೊತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು ಊರುಗಳಲ್ಲಿ. ಗುಡ್ಡೆಯ ಮೇಲೆ ಗೇರು, ಕೆಳಗೆ ಮನೆ, ತೋಟ, ತೋಡು, ಗುಡ್ಡೆ ಕೊರೆದು ಮಾಡಿದ ಸುರಂಗದ ನೀರು. ಮೊದಲು ಮಾತಾಡಿದ್ದು ಪ್ರಾಣಿಗಳು. ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಜೇನು ಕಡಿಮೆಯಾಯಿತು. ತೋಡಿನಲ್ಲಿ ಮೀನು ಸತ್ತು ತೇಲಿತು. ನಮ್ಮವರೇ ಆದ ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಶುರುವಿನಲ್ಲೇ ಕರುಗಳ ಬಗ್ಗೆ ಬರೆದು ಎಚ್ಚರಿಸಿದರು. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ಹಾಗೆ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರಲ್ಲಿ. ನಡುವೆ 30 ವರ್ಷ.

ಇಲ್ಲಿ ಒಂದು ಮಾತು. ಈ ಪಾಠವನ್ನು ಮಾಡಿ, ಆದರೆ ಎಂಡೋಸಲ್ಫಾನಿನಿಂದ ನರಳಿದ ಜನರ ಫೋಟೋಗಳನ್ನು ಕ್ಲಾಸಿಗೆ ತರಬೇಡಿ. ನಿಮ್ಮ ಮುಂದೆ ಕೂತ ಮಗುವಿನ ಅಕ್ಕನೋ ಚಿಕ್ಕಪ್ಪನೋ ಅದರಲ್ಲಿ ಇರಬಹುದು. ಕರುವಿನಿಂದ ಶುರು ಮಾಡಿ. ಹಟ್ಟಿಯಲ್ಲಿ ಕರು ಎದ್ದು ನಿಲ್ಲಲಾರದೆ ಹೋದಾಗ ಮನೆಯವರು ಏನು ಯೋಚಿಸಬೇಕಿತ್ತು ಅಂತ ಕೇಳಿ. ಮಕ್ಕಳು ಹೇಳುತ್ತಾರೆ. ನಾನು ಕೇಳಿದಾಗ ನಾಲ್ಕನೇ ಕ್ಲಾಸಿನ ಹುಡುಗಿ ಒಬ್ಬಳು, “ಅದು ಕುಡಿದ ನೀರನ್ನೇ ನಾವೂ ಕುಡಿಯುತ್ತೇವಲ್ಲಾ ಅಂತ ಯೋಚಿಸಬೇಕಿತ್ತು” ಅಂದಳು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಇನ್ನು ಹಸು. ‘ಹಸು ಹಾಲು ಕೊಡುತ್ತದೆ’ ಅಂತ ನಾವೆಲ್ಲ ಬರೆಸಿದ್ದೇವೆ. ಆ ‘ಕೊಡುತ್ತದೆ’ ಅನ್ನುವ ಮಾತಿನ ಬಗ್ಗೆ ನನಗೆ ತಕರಾರು ಇದೆ. ಹಾಲು ಕರುವಿನದು. ಕರು ಕುಡಿದ ಮೇಲೆ, ಕೆಲವೊಮ್ಮೆ ಕುಡಿಯುವ ಮೊದಲೇ, ನಾವು ಕರೆದುಕೊಳ್ಳುತ್ತೇವೆ. ಇದನ್ನು ಮಕ್ಕಳಿಗೆ ಹಾಗೇ ಹೇಳಿದರೆ ಹಾಲಿನ ಮೇಲೆ ಬೇಸರ ಬರುವುದಿಲ್ಲ, ಹಸುವಿನ ಮೇಲೆ ಮರ್ಯಾದೆ ಬರುತ್ತದೆ.

ನಮ್ಮ ಕಾಸರಗೋಡು ಗಿಡ್ಡ ತಳಿಯನ್ನೇ ತೆಗೆದುಕೊಳ್ಳಿ. ಬದಿಯಡ್ಕದಲ್ಲಿ ಆ ತಳಿಯನ್ನು ಉಳಿಸಲು ಸರಕಾರದ ಫಾರ್ಮ್ ಇದೆ, ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಹಾಲಿನ ಲೆಕ್ಕ ಹಾಕಿದರೆ ಗಿಡ್ಡ ಹಸು ಪರೀಕ್ಷೆಯಲ್ಲಿ ಫೇಲ್. ದಿನಕ್ಕೆ ಒಂದೆರಡು ಲೀಟರ್ ಆದರೆ ಹೆಚ್ಚು. ಮತ್ತೆ ನಮ್ಮ ಹಿರಿಯರು ಅಷ್ಟೊಂದು ಗಿಡ್ಡ ದನ ಯಾಕೆ ಸಾಕಿದರು? ಸಗಣಿಗೆ. ಬೆಳಗ್ಗೆ ಗುಡ್ಡೆಗೆ ಬಿಟ್ಟರೆ ಸಂಜೆಗೆ ತಾವೇ ಮನೆಗೆ ಬರುತ್ತಿದ್ದವು. ಹಟ್ಟಿಗೆ ಸೊಪ್ಪು ಹಾಕಿ, ದನ ಅದನ್ನು ತುಳಿದು, ಸಗಣಿ ಗಂಜಲ ಸೇರಿ ಗೊಬ್ಬರ ಆಗಿ ಅಡಿಕೆ ಮರದ ಬುಡಕ್ಕೆ ಹೋಗುತ್ತಿತ್ತು. ಗುಡ್ಡೆಯ ಹುಲ್ಲು ತೋಟಕ್ಕೆ ಇಳಿದು ಬರುತ್ತಿದ್ದದ್ದು ದನದ ಹೊಟ್ಟೆಯ ದಾರಿಯಲ್ಲಿ.

ಮಕ್ಕಳಿಗೆ ಒಂದು ಸಗಣಿ ಮುದ್ದೆ ತೋರಿಸಿ. ನೀವು ನಗುತ್ತಿದ್ದೀರಿ, ಆದರೆ ನಾನು ನಿಜವಾಗಿ ಹೇಳುತ್ತಿದ್ದೇನೆ. ಮಳೆಗಾಲ ಶುರುವಾಗುವ ಹೊತ್ತಿಗೆ ಗುಡ್ಡೆಯ ಮೇಲೆ ಹೊಸ ಸಗಣಿ ಬಿದ್ದರೆ ಅದರ ಸುತ್ತ ಒಂದು ಪೀರಿಯಡ್ ಕೂರಿಸಿ. ಮೊದಲು ನೊಣ ಬರುತ್ತದೆ. ಆಮೇಲೆ ಕಪ್ಪು ಸಗಣಿ ಹುಳ ಹಾರಿ ಬಂದು ಇಳಿಯುತ್ತದೆ. ಕೆಲವು ಜಾತಿ ಉಂಡೆ ಮಾಡಿ ಹಿಂಗಾಲಿನಿಂದ ಉರುಳಿಸಿಕೊಂಡು ಹೋಗುತ್ತದೆ, ಕೆಲವು ಅಲ್ಲೇ ಕೆಳಗೆ ತೂತು ಕೊರೆದು ಸಗಣಿಯನ್ನು ಮಣ್ಣಿನೊಳಗೆ ಎಳೆದುಕೊಳ್ಳುತ್ತದೆ. ಮರಿಗಳಿಗೆ ಊಟ ಅದು. ಗುಂಡಿ ತೋಡುವವರು ಯಾರೂ ಇಲ್ಲದೆ ಗೊಬ್ಬರ ಮಣ್ಣಿನ ಒಳಗೆ ಸೇರಿತು, ಮಣ್ಣು ಸಡಿಲವಾಯಿತು, ನೊಣ ಮೊಟ್ಟೆ ಇಡುವ ಜಾಗವೂ ಕಡಿಮೆಯಾಯಿತು.

ಈ ಹುಳ ಇಲ್ಲದಿದ್ದರೆ ಏನಾಗುತ್ತದೆ ಅಂತ ಕೇಳಿದರೆ ಆಸ್ಟ್ರೇಲಿಯಾದ ಕಥೆ ಹೇಳಿ. ಅಲ್ಲಿಗೆ ದನ ಹೋದದ್ದು 1788ರಲ್ಲಿ, ಯುರೋಪಿನವರ ಹಡಗಿನಲ್ಲಿ. ಅಲ್ಲಿನ ಸಗಣಿ ಹುಳಗಳಿಗೆ ಗೊತ್ತಿದ್ದದ್ದು ಕಾಂಗರೂವಿನ ಒಣ ಹಿಕ್ಕೆ. ದನದ ಒದ್ದೆ ಸಗಣಿಯನ್ನು ಅವು ಹೆಚ್ಚಾಗಿ ಮುಟ್ಟಲಿಲ್ಲ. ಸಗಣಿ ಹಾಗೇ ಒಣಗಿ ಹುಲ್ಲುಗಾವಲು ಹಾಳಾಯಿತು, ನೊಣ ವಿಪರೀತವಾಯಿತು. ಕೊನೆಗೆ 1968ರಿಂದ ವಿಜ್ಞಾನಿಗಳು ಆಫ್ರಿಕಾ, ಯುರೋಪಿನಿಂದ ಸಗಣಿ ಹುಳಗಳನ್ನು ತರಿಸಿ ಬಿಡಬೇಕಾಯಿತು. ಹುಳಕ್ಕೆ ವಿಮಾನದ ಟಿಕೆಟ್ ಅಂದರೆ ಮಕ್ಕಳಿಗೆ ಬಹಳ ಖುಷಿ.

ಈ ಪಾಠಕ್ಕೆ ಹೊರಗೆ ಹೋಗಲು ಆಗುವುದಿಲ್ಲ, ಗುಡ್ಡೆ ಇಲ್ಲ, ದನ ಇಲ್ಲ ಅನ್ನುವ ಶಾಲೆಗಳಿಗೆ ಒಂದು ಚೀನಿಕಾಯಿ, ಅಂದರೆ ಸಿಹಿಗುಂಬಳದ ಬಳ್ಳಿ ಸಾಕು. ನಾವು ಶಾಲೆಯ ಬಾವಿಕಟ್ಟೆಯ ಹತ್ತಿರ ಹಾಕಿದ್ದೆವು. ಚೀನಿಕಾಯಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಕೆಳಗೆ ಗೋಲಿಯಷ್ಟು ಮಿಡಿ ಇರುತ್ತದೆ, ಮಕ್ಕಳೇ ಗುರುತು ಹಿಡಿಯುತ್ತಾರೆ. ನಾಳೆ ಬೆಳಗ್ಗೆ ಅರಳಲಿರುವ ಎರಡು ಹೆಣ್ಣು ಮೊಗ್ಗನ್ನು ಇವತ್ತು ಸಂಜೆಯೇ ಆರಿಸಿದೆವು. ಒಂದಕ್ಕೆ ಹಳೆ ಬೈರಾಸಿನ (ಟವೆಲಿನ) ತುಂಡನ್ನು ಸಡಿಲವಾಗಿ ಕಟ್ಟಿದೆವು. ಇನ್ನೊಂದನ್ನು ಹಾಗೇ ಬಿಟ್ಟೆವು.

ಮರುದಿನ ಮಕ್ಕಳು ಪ್ರಾರ್ಥನೆಗೆ ಮೊದಲೇ ಬಂದಿದ್ದರು. ಚೀನಿಕಾಯಿ ಹೂ ಬೆಳಗ್ಗೆ ಬೇಗ ಅರಳಿ ಮಧ್ಯಾಹ್ನದ ಮೊದಲೇ ಮುದುಡುತ್ತದೆ, ತಡ ಮಾಡಿದರೆ ಏನೂ ಕಾಣುವುದಿಲ್ಲ. ತೆರೆದ ಹೂವಿಗೆ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ಜೇನು ಬಂತು. ಮುಜಂಟಿಯೂ ಬಂತು. ಮುಜಂಟಿ ಗೊತ್ತಲ್ಲಾ, ಗೋಡೆಯ ಸಂದಿನಲ್ಲಿ ಮೇಣದ ಕೊಳವೆ ಮಾಡಿ ಇರುವ ಚಿಕ್ಕ ಜೇನು. ನಮ್ಮ ಆಫೀಸು ಕೋಣೆಯ ಮುರಕಲ್ಲಿನ ಗೋಡೆಯಲ್ಲೇ ಒಂದು ಕುಟುಂಬ ಇತ್ತು. ಅದಕ್ಕೆ ಚುಚ್ಚುವ ಮುಳ್ಳು ಇಲ್ಲ, ಹಾಗಾಗಿ ಸಣ್ಣ ಮಕ್ಕಳೂ ಹತ್ತಿರ ನಿಂತು ನೋಡಬಹುದು. ಕಾಲಿಗೆಲ್ಲ ಹಳದಿ ಪುಡಿ ಮೆತ್ತಿಕೊಂಡು ಗಂಡು ಹೂವಿನಿಂದ ಹೆಣ್ಣು ಹೂವಿಗೆ ಬರುವುದನ್ನು ಅವರು ಕಣ್ಣಾರೆ ನೋಡಿದರು.

ಒಂದು ವಾರದಲ್ಲಿ ಬೈರಾಸು ಕಟ್ಟಿದ ಮಿಡಿ ಹಳದಿಯಾಗಿ, ಮುದುಡಿ, ಮುಟ್ಟಿದರೆ ಬಿತ್ತು. ಇನ್ನೊಂದು ಮುಷ್ಟಿಯಷ್ಟಾಗಿತ್ತು. ಆಮೇಲೆ ಅದು ಗಂಜಿಯ ಜೊತೆಗಿನ ಪಲ್ಯಕ್ಕೆ ಹೋಯಿತು. ಪರಾಗಸ್ಪರ್ಶ ಅಂದರೇನು ಅಂತ ನಾನು ಬಾಯಿಪಾಠ ಮಾಡಿಸಲಿಲ್ಲ. ಬಿದ್ದ ಮಿಡಿಯನ್ನು ಒಬ್ಬಳು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಳು.

ಜೇನಿನ ವಿಷಯದಲ್ಲಿ ದೊಡ್ಡವರಿಗೆ ನೆನಪಿರಬೇಕು, 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ಕೇರಳ, ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವು ನಾಶವಾದವು. ಪೆಟ್ಟಿಗೆ ಇದ್ದ ಮನೆಗಳಲ್ಲೆಲ್ಲ ಖಾಲಿ ಪೆಟ್ಟಿಗೆ. ನಿಮ್ಮ ಊರಲ್ಲಿ ಆಗ ಜೇನು ಸಾಕಿದವರು ಇದ್ದರೆ ಕ್ಲಾಸಿಗೆ ಕರೆಯಿರಿ. ಪುಸ್ತಕದಲ್ಲಿ ಇಲ್ಲದ್ದು ಅವರಲ್ಲಿದೆ.

ಕಪ್ಪೆಯ ಬಗ್ಗೆ ಸ್ವಲ್ಪ. ಮೊದಲ ಮಳೆಗೆ ಗದ್ದೆ ಬದಿಯಲ್ಲಿ ಹಳದಿ ಬಣ್ಣಕ್ಕೆ ತಿರುಗಿ ಕೂಗುವ ದೊಡ್ಡ ಗದ್ದೆ ಕಪ್ಪೆಯನ್ನು ಕಾಲಿಗೋಸ್ಕರ ಹಿಡಿದು ವಿದೇಶಕ್ಕೆ ಕಳಿಸುತ್ತಿದ್ದ ಕಾಲ ಇತ್ತು. ಚೀಲ ಚೀಲ ಹೋಗುತ್ತಿತ್ತು. ಗದ್ದೆಯ ಕೀಟ ತಿನ್ನುವವರನ್ನು ಮಾರಿ ಕೀಟನಾಶಕ ಕೊಳ್ಳುವುದು ಯಾವ ಲೆಕ್ಕ ಅಂತ ಪ್ರಶ್ನೆ ಎದ್ದಿತು. 1987ರಲ್ಲಿ ಭಾರತ ಆ ರಫ್ತನ್ನು ನಿಲ್ಲಿಸಿತು. ಈಗ ಕಪ್ಪೆ ಇದ್ದರೂ ಅದು ಕೂಗುವ ಗದ್ದೆಗೇ ಮಣ್ಣು ತುಂಬಿಸಿ ಆಗಿದೆ, ಅದು ಬೇರೆ ಸಂಕಟ.

ಬಾವಲಿಯ ಬಗ್ಗೆ ಮಾತ್ರ ಜಾಗ್ರತೆಯಿಂದ ಮಾತಾಡಬೇಕು. 2018ರಲ್ಲಿ ಕೋಝಿಕ್ಕೋಡಿನಲ್ಲಿ ಬಾವಲಿಯಿಂದ ಹರಡಬಲ್ಲ ನಿಪಾ ರೋಗ ಬಂದ ಮೇಲೆ ಮಕ್ಕಳಿಗೆ ಬಾವಲಿ ಅಂದರೆ ಹೆದರಿಕೆ. ಕೆಲವು ಕಡೆ ಬಾವಲಿ ಇರುವ ಮರವನ್ನೇ ಕಡಿಯಬೇಕು ಅಂದರು. ಮಕ್ಕಳಿಗೆ ನೇರವಾಗಿ ಹೇಳಿ: ಬಾವಲಿ ಕಚ್ಚಿದ ಪೇರಳೆ, ಮಾವು ತಿನ್ನಬೇಡಿ, ಬಿದ್ದ ಬಾವಲಿಯನ್ನು ಮುಟ್ಟಬೇಡಿ, ಮರದಲ್ಲಿ ನೇತಾಡುವುದನ್ನು ಕಲ್ಲು ಹೊಡೆದು ಎಬ್ಬಿಸಬೇಡಿ. ಆಮೇಲೆ ಅದರ ಕೆಲಸವನ್ನೂ ಹೇಳಿ. ರಾತ್ರಿ ಬಾವಲಿ ಅಡಿಕೆ ಹಣ್ಣನ್ನು ಕೊಂಡೊಯ್ದು ಸಿಪ್ಪೆಯ ರಸ ಚೀಪಿ ಅಡಿಕೆಯನ್ನು ಎಲ್ಲೋ ಹಾಕುತ್ತದೆ. ನಾವೆಲ್ಲ ಚಿಕ್ಕವರಿದ್ದಾಗ ಬೆಳಗ್ಗೆ ಎದ್ದು ಅದನ್ನು ಹೆಕ್ಕಿ ಜಾತ್ರೆ ಖರ್ಚಿಗೆ ದುಡ್ಡು ಮಾಡಿದವರೇ. ಹೆಕ್ಕದೆ ಉಳಿದದ್ದು ಗುಡ್ಡೆಯಲ್ಲಿ ಮೊಳೆಯಿತು. ಕಾಡಿನ ಎಷ್ಟೋ ಮರಗಳ ಬೀಜ ಹೀಗೆಯೇ ಪಯಣ ಹೋಗುತ್ತದೆ. ಬೂರುಗದ ಹೂವಿಗೆ ರಾತ್ರಿ ಬರುವುದೂ ಬಾವಲಿಯೇ. ಅಪಾಯವನ್ನು ಮುಚ್ಚಿಟ್ಟು ಪ್ರೀತಿ ಕಲಿಸಿದರೆ ಅದು ನಿಲ್ಲುವುದಿಲ್ಲ.

ಹಾವಿಗೂ ಇದೇ ಮಾತು. ಕೇರೆ ಹಾವಿಗೆ ವಿಷ ಇಲ್ಲ, ಇಲಿ ತಿನ್ನುತ್ತದೆ. ಆದರೆ ಮೂರನೇ ಕ್ಲಾಸಿನ ಮಗು ಕೇರೆ ಯಾವುದು ನಾಗರ ಯಾವುದು ಅಂತ ನಿರ್ಧಾರ ಮಾಡಬಾರದು. ಯಾವ ಹಾವು ಕಂಡರೂ ದೂರ ನಿಲ್ಲು, ದೊಡ್ಡವರನ್ನು ಕರಿ. ಕೊಲ್ಲಬೇಡ, ಹತ್ತಿರವೂ ಹೋಗಬೇಡ. ನಮ್ಮಲ್ಲಿ ನಾಗಬನ ಇದೆ. ಹಾವಿಗೆ ಅಂತ ಒಂದು ತುಂಡು ಕಾಡನ್ನು ಬಿಟ್ಟುಕೊಟ್ಟವರು ನಮ್ಮ ಹಿರಿಯರು. ಈಗ ಕೆಲವು ಕಡೆ ಮರ ಕಡಿದು, ಕಾಂಕ್ರೀಟು ಹಾಕಿ, ಟೈಲ್ಸ್ ಹಾಸಿ ‘ಜೀರ್ಣೋದ್ಧಾರ’ ಮಾಡಿದ್ದಾರೆ. ಕಲ್ಲಿನ ನಾಗ ಉಳಿಯಿತು, ಹಾವಿಗೆ ಜಾಗ ಹೋಯಿತು. ಮರ ಉಳಿದಿರುವ ಬನ ನಿಮ್ಮ ಶಾಲೆಯ ಹತ್ತಿರ ಇದ್ದರೆ ಹೊರಗಿನಿಂದಲೇ ಮಕ್ಕಳಿಗೆ ತೋರಿಸಿ. ಒಳಗಿನ ತಂಪು ಬೇಲಿಯ ಹತ್ತಿರವೇ ತಿಳಿಯುತ್ತದೆ.

ಒಂದು ವಿಷಯ ನಡುವೆ ಬಿಟ್ಟುಹೋಯಿತು. ಅನಂತಪುರ ಕ್ಷೇತ್ರದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ನೀವೂ ಹೋಗಿರಬಹುದು. ಎಷ್ಟು ಜನ ಬಂದಿದ್ದರು! ಬಬಿಯಾನಿಂದ ನಮಗೇನು ಉಪಯೋಗ ಅಂತ ಅಲ್ಲಿ ಒಬ್ಬರಾದರೂ ಕೇಳಿದರಾ? ಉಪಯೋಗದ ಪಾಠ ಮಾಡುವಾಗಲೆಲ್ಲ ನನಗೆ ಆ ದಿನ ನೆನಪಾಗುತ್ತದೆ. ಉಪಯೋಗ ಕಾಣದ ಪ್ರಾಣಿಯ ಬಗ್ಗೆ ಮಗು ಕೇಳಿದರೆ ಸುಮ್ನೆ ಏನಾದರೂ ಉಪಯೋಗ ಹುಟ್ಟಿಸಿ ಹೇಳಬೇಡಿ. ಅದು ಅದರ ಪಾಡಿಗೆ ಇದೆ ಅನ್ನಿ, ಸಾಕು.

ನಮ್ಮ ಜಿಲ್ಲೆ 2023ರಲ್ಲಿ ತನ್ನದೇ ಒಂದು ಪ್ರಾಣಿ, ಹಕ್ಕಿ, ಹೂ, ಮರವನ್ನು ಆರಿಸಿಕೊಂಡಿತು. ಪ್ರಾಣಿ, ಚಂದ್ರಗಿರಿ ಹೊಳೆಯ ಮೆತ್ತನೆ ಚಿಪ್ಪಿನ ದೊಡ್ಡ ಆಮೆ. ಹಕ್ಕಿ, ಬಿಳಿ ಹೊಟ್ಟೆಯ ಕಡಲ ಹದ್ದು. ಮರ, ಕಾಸರಕ. ನಮ್ಮ ಊರಿಗೆ ಆ ಮರದಿಂದಲೇ ಹೆಸರು ಬಂತು ಅಂತ ಹೇಳುವುದನ್ನು ಕೇಳಿದ್ದೀರಿ. ಅದರ ಬೀಜ ಕಡು ವಿಷ. ಆದರೆ ಹಣ್ಣಿನ ತಿರುಳನ್ನು ಮಂಗಟ್ಟೆ ಹಕ್ಕಿ ತಿನ್ನುತ್ತದೆ. ಇದನ್ನು ಮಕ್ಕಳಿಗೆ ಹೇಳಿ, ಬೀಜ ಬಾಯಿಗೆ ಹಾಕಬಾರದು ಅನ್ನುವುದನ್ನೂ ಸೇರಿಸಿ.

ಪರೀಕ್ಷೆ ಏನು ಮಾಡುವುದು ಅಂತ ಆಗ ಒಬ್ಬರು ಟೀಚರ್ ಕೇಳಿದರು. ‘ಹಸುವಿನ ಎರಡು ಉಪಯೋಗ ಬರೆಯಿರಿ’ ಅಂತ ಬಂದೇ ಬರುತ್ತದೆ. ಬರೆಯಲಿ, ಮಾರ್ಕು ಸಿಗಲಿ. ಅದರ ಜೊತೆಗೆ ಕ್ಲಾಸಿನ ಗೋಡೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನು ದಾರ ಕಟ್ಟಿ ನೇತು ಹಾಕಿ. ಮೂರು ಕಾಲಂ: ಯಾವಾಗ, ಎಲ್ಲಿ, ಏನು ಮಾಡುತ್ತಿತ್ತು. ಉಪಯೋಗದ ಕಾಲಂ ಬೇಡ. ತುಳುವಿನಲ್ಲಿ ನಕ್ಕುರು ಅನ್ನಲಿ, ಮಲಯಾಳದಲ್ಲಿ ಮಣ್ಣಿರ ಅನ್ನಲಿ, ಕನ್ನಡದಲ್ಲಿ ಎರೆಹುಳು ಅನ್ನಲಿ, ಯಾವ ಹೆಸರಲ್ಲಿ ಬರೆದರೂ ತಿದ್ದಬೇಡಿ. ಸ್ಪೆಲ್ಲಿಂಗನ್ನೂ ಆ ಪುಸ್ತಕದಲ್ಲಿ ಮಾತ್ರ ತಿದ್ದಬೇಡಿ. ನಾನು ನಿವೃತ್ತನಾಗುವ ವರ್ಷದ ಪುಸ್ತಕ ನನ್ನ ಹತ್ತಿರ ಇದೆ. ಒಂದು ಪುಟ ಓದುತ್ತೇನೆ.

“ಸೋಮವಾರ ಬೆಳಗ್ಗೆ. ಗೇರು ಮರದಲ್ಲಿ. ಚಗಳಿ ಎಲೆ ಹೊಲಿಯುತ್ತಿತ್ತು. ನಿನ್ನೆ ಮಳೆಗೆ ಒಂದು ಎಲೆ ಹರಿದಿತ್ತು.

ಸೋಮವಾರ ಗಂಜಿ ಹೊತ್ತು. ಅದೇ ಮರ. ಇನ್ನೂ ಹೊಲಿಯುತ್ತಿದೆ.

ಮಂಗಳವಾರ. ಮುಗಿಯಿತು.”